ಅರಸನ ಮುದ್ರೆಯೂ ಬೆಳ್ಳಿಯ ತೂಕವೂ

ಪಾಠಭಾಗ: ಮತ್ತಾಯ 22ನೆಯ ಅಧ್ಯಾಯ, 15ರಿಂದ 22ರ ವರೆಗೆ

ತೆರಿಗೆಯ ವಿಷಯದಲ್ಲಿ ನಮ್ಮ ಕರ್ತನನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಬಂದವರಿಗೆ ಆತನು ಮೊದಲು ಉತ್ತರ ಕೊಡದೆ ಒಂದು ನಾಣ್ಯವನ್ನು ತರಿಸಿದನೆಂಬದನ್ನು ನಾವು ನಮ್ಮ ಸಭೆಗಳಲ್ಲಿ ಅನೇಕಾವರ್ತಿ ಓದಿದ್ದೇವೆ. ಅದರ ಮೇಲಿನ ರೂಪವೂ ಬರಹವೂ ಯಾರದೆಂದು ಕೇಳಿದವರ ಬಾಯಿಂದಲೇ ಹೇಳಿಸಿದನು. ನಾಣ್ಯಕ್ಕೆ ಬಾಯಿಲ್ಲ, ಆದರೂ ಅದು ಸಾಕ್ಷಿ ಹೇಳುವದು. ಈ ಸಾರಿ ನಾವು ಇನ್ನೊಂದು ನಾಣ್ಯವನ್ನು ಕೈಗೆತ್ತಿಕೊಂಡು ಅದರ ಸಾಕ್ಷಿಯನ್ನು ಕೇಳೋಣ. ಇದು ರೋಮಿನ ಕೈಸರನದಲ್ಲ. ಡೆನ್ಮಾರ್ಕ್ ದೇಶದ ಅರಸನಾದ ಏಳನೆಯ ಕ್ರಿಶ್ಚಿಯನನ ಕಾಲದಲ್ಲಿ, ಅಂದರೆ 1766ರಿಂದ 1808ರ ವರೆಗಿನ ಆಳ್ವಿಕೆಯಲ್ಲಿ, ತರಂಗಂಬಾಡಿಯ ವ್ಯವಹಾರಕ್ಕಾಗಿ ಹೊಡೆಯಲ್ಪಟ್ಟ ಸಣ್ಣ ಬೆಳ್ಳಿಯ ನಾಣ್ಯವು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಾದ ನಮಗೂ ಆ ನಾಣ್ಯಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಯಳಂದೂರಿನ ಹೊನ್ನುಹೊಳೆಯನ್ನು ಕೂಡಿಸಿಕೊಂಡು, ಶಿವನಸಮುದ್ರದಲ್ಲಿ ಧುಮುಕಿ, ಹೊಗೇನಕಲ್ಲನ್ನು ದಾಟಿ ಹೋಗುವ ನಮ್ಮ ಕಾವೇರಿಯು ತಂಜಾವೂರಿನ ಬಯಲಿಗೆ ನೀರುಣಿಸಿ ಸಮುದ್ರವನ್ನು ಸೇರುತ್ತದೆ. ಆ ಬಯಲಿನ ಕಡಲತಡಿಯಲ್ಲಿ ತರಂಗಂಬಾಡಿ ಇರುತ್ತದೆ. ಆದುದರಿಂದ ಇದು ನಮ್ಮ ಹೊಳೆಯ ಕೊನೆಯಲ್ಲಿ ನಡೆದ ಸಂಗತಿ. ಇದಲ್ಲದೆ ಬೇರೆ ಸಂಬಂಧಗಳೂ ಉಂಟು. ಅವು ಮುಂದೆ ಕಾಣುವವು.

1. ನಾಣ್ಯದ ವರ್ಣನೆ

ಈ ನಾಣ್ಯಕ್ಕೆ ಡೇನರು ರೊಯಾಲಿನ್ ಎಂದು ಹೆಸರಿಟ್ಟರು. ಅರಸನದು ಎಂಬರ್ಥವು ಆ ಹೆಸರಿನಲ್ಲಿದೆ. ಒಂದು ರೊಯಾಲಿನ್, ಎರಡು ರೊಯಾಲಿನ್ ಎಂದು ಎರಡು ತರದ ನಾಣ್ಯಗಳಿದ್ದವು. ಚಿಕ್ಕದು ಎರಡು ಗ್ರಾಮಿಗಿಂತಲೂ ಕಡಿಮೆ ತೂಕವುಳ್ಳದ್ದು. ಒಂದು ಮುಖದಲ್ಲಿ ಕಿರೀಟದ ಕೆಳಗೆ ಅರಸನ ಹೆಸರಿನ ಮೊದಲಕ್ಷರವೂ ಏಳೆಂಬ ಅಂಕೆಯೂ ಹೆಣೆದುಕೊಂಡಿರುತ್ತವೆ. ಇನ್ನೊಂದು ಮುಖದಲ್ಲಿ ಡೆನ್ಮಾರ್ಕಿನ ರಾಜಲಾಂಛನವಿದೆ. ಅರಸನ ಮುಖವಿಲ್ಲ, ಹೆಸರಿನ ಗುರುತು ಮಾತ್ರವಿದೆ.

ಅದರ ಲೆಕ್ಕ ಹೇಗಂದರೆ: ಎಂಭತ್ತು ಕಾಸಿಗೆ ಒಂದು ರೊಯಾಲಿನ್, ಎಂಟು ರೊಯಾಲಿನಿಗೆ ಒಂದು ರೂಪಾಯಿ. ಹದಿನಾರು ಆಣೆಯ ರೂಪಾಯಿಯ ಲೆಕ್ಕದಲ್ಲಿ ಅದು ಎರಡಾಣೆ. ತರಂಗಂಬಾಡಿಯಲ್ಲಿ ತಾಮ್ರದ ಸಣ್ಣ ನಾಣ್ಯಕ್ಕೆ ಡೇನರೇ ಕಾಸ್ ಎಂದು ಹೆಸರಿಟ್ಟಿದ್ದರು. ರೊಯಾಲಿನಿಗೆ ಇದ್ದ ಹಳೆಯ ಹೆಸರು ಫಾನೋ. ಅದು ತಮಿಳಿನ ಪಣಂ. ನಮ್ಮ ಬಾಯಲ್ಲಿ ಹಣ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊಡೆಸಿದ ಕಂಠೀರಾಯಿ ಹಣವೆಂಬ ಚಿನ್ನದ ಪುಟ್ಟ ನಾಣ್ಯವನ್ನು ನಮ್ಮ ಹಿರಿಯರು ಬಲ್ಲರು. ಹೀಗೆ ಸಾವಿರಾರು ಹರದಾರಿಯ ಆಚೆಯಿಂದ ಬಂದ ಅರಸನು ತನ್ನ ಕಿರೀಟವನ್ನು ನಾಣ್ಯದ ಮೇಲೆ ಒತ್ತಿದನು. ಆದರೆ ಲೆಕ್ಕಕ್ಕೆ ಈ ನಾಡಿನ ಕಾಸನ್ನೂ ಹಣವನ್ನೂ ಹಿಡಿಯಬೇಕಾಯಿತು. ಯಾಕಂದರೆ ಸಂತೆಯಲ್ಲಿ ಕೊಳ್ಳುವವರೂ ಮಾರುವವರೂ ನಾಡಿನವರೇ.

2. ಅದು ಕಾವೇರಿಯ ತೀರಕ್ಕೆ ಬಂದ ವಿಧ

ಡೆನ್ಮಾರ್ಕಿನ ನಾಲ್ಕನೆಯ ಕ್ರಿಶ್ಚಿಯನ್ ಅರಸನು 1616ರಲ್ಲಿ ಹಿಂದೂದೇಶದ ವ್ಯಾಪಾರಕ್ಕೆ ಒಂದು ಕಂಪೆನಿಯನ್ನು ಸ್ಥಾಪಿಸಿದನು. ಓವೆ ಗೆದ್ದೆ ಎಂಬ ನಾವಿಕ ಅಧಿಪತಿಯು 1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಂದಿಗೆ ಒಡಂಬಡಿಕೆ ಮಾಡಿಕೊಂಡು ತರಂಗಂಬಾಡಿಯನ್ನು ಪಡೆದನು. ಅಲ್ಲಿ ಕಟ್ಟಿದ ಡಾನ್ಸ್‌ಬೋರ್ಗ್ ಕೋಟೆಯು ಈಗಲೂ ಕಡಲಿಗೆ ಎದುರಾಗಿ ನಿಂತಿದೆ. ಡೇನರು ಇಲ್ಲಿಂದ ಮೆಣಸನ್ನೂ ಹತ್ತಿಯ ಬಟ್ಟೆಯನ್ನೂ ಒಯ್ಯುತ್ತಿದ್ದರು. ಅದಕ್ಕೆ ಬದಲಾಗಿ ತರತಕ್ಕ ಸರಕು ಅವರಲ್ಲಿ ಸ್ವಲ್ಪವೇ ಇದ್ದದರಿಂದ ಹಡಗುಗಳಲ್ಲಿ ಮುಖ್ಯವಾಗಿ ಬೆಳ್ಳಿಯನ್ನೇ ತಂದರು. ಆ ಬೆಳ್ಳಿಯ ಬಹುಭಾಗವು ಸ್ಪೇನಿನವರು ಅಮೇರಿಕ ಖಂಡದ ಗಣಿಗಳಿಂದ ತೆಗೆಸಿದ್ದು. ಆ ಗಣಿಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಬಲಾತ್ಕಾರದಿಂದ ದುಡಿಸಲ್ಪಟ್ಟರು. ಬೆಳ್ಳಿಯು ಹೊಳೆಯುತ್ತದೆ, ಅದನ್ನು ಅಗೆದವರ ಬೆವರು ಅದರಲ್ಲಿ ಕಾಣಿಸುವದಿಲ್ಲ.

ಇನ್ನೊಂದು ನಾಣ್ಯವನ್ನೂ ಇಲ್ಲಿ ನೆನೆಯುವದು ಯೋಗ್ಯ. ಅದೇ ನಾಲ್ಕನೆಯ ಕ್ರಿಶ್ಚಿಯನನಿಗೆ ಸ್ವೀಡನ್ ದೇಶದೊಂದಿಗೆ ಯುದ್ಧವುಂಟಾದಾಗ ಆ ವೆಚ್ಚಕ್ಕಾಗಿ 1644ರಿಂದ ಬೆಳ್ಳಿಯ ನಾಣ್ಯಗಳನ್ನು ಹೊಡೆಸಿದನು. ಅವುಗಳ ಮೇಲೆ ಯೆಹೋವ ಎಂಬ ನಾಮವನ್ನು ಇಬ್ರಿಯ ಅಕ್ಷರಗಳಲ್ಲಿ ಬರೆಸಿ, ಅದರ ಎರಡು ಪಕ್ಕಗಳಲ್ಲಿ ನ್ಯಾಯವುಳ್ಳ ನ್ಯಾಯಾಧಿಪತಿ ಎಂಬರ್ಥದ ಲ್ಯಾಟಿನ್ ಮಾತುಗಳನ್ನು ಇರಿಸಿದನು. ದೇವರು ತನ್ನ ಪಕ್ಷದಲ್ಲಿದ್ದಾನೆಂದು ನಾಣ್ಯದ ಮೂಲಕ ಎಲ್ಲರಿಗೂ ಸಾರಿದಂತಾಯಿತು. ಆದರೆ 1645ರಲ್ಲಿ ಅವನು ಸೋತು ಕೆಲವು ಸೀಮೆಗಳನ್ನು ಶತ್ರುವಿಗೆ ಬಿಟ್ಟುಕೊಡಬೇಕಾಯಿತು. ದೇವರ ನಾಮವನ್ನು ಬೆಳ್ಳಿಯ ಮೇಲೆ ಒತ್ತುವದು ಟಂಕಸಾಲೆಯವನಿಗೆ ಸುಲಭ. ಆದರೆ ಆತನನ್ನು ನ್ಯಾಯಾಧಿಪತಿಯೆಂದು ಕರೆದವನು ತಾನೂ ಆ ನ್ಯಾಯಾಸನದ ಮುಂದೆ ನಿಂತಿರುತ್ತಾನಲ್ಲವೇ?

3. ಚಿನಿವಾರನ ತಕ್ಕಡಿ

ಆ ಕಾಲದ ಸಂತೆಯಲ್ಲಿ ಒಂದೇ ಅರಸನ ನಾಣ್ಯವು ನಡೆಯುತ್ತಿರಲಿಲ್ಲ. ಡೇನರದು, ಇಂಗ್ಲಿಷರದು, ಫ್ರೆಂಚರದು, ಡಚ್ಚರದು, ನವಾಬರದು, ಮೈಸೂರಿನದು ಎಂದು ಹತ್ತು ವಿಧದ ನಾಣ್ಯಗಳು ಒಂದೇ ಕೈಯಲ್ಲಿ ಬರುತ್ತಿದ್ದವು. ಎರಡು ಸರಕಾರಗಳ ಗಡಿಯಲ್ಲಿ ಬಾಳಿದ ನಮ್ಮ ಹಿರಿಯರಿಗೆ ಇದು ತಿಳಿದ ವಿಷಯವೇ. 1799ರ ಯುದ್ಧವಾದ ಮೇಲೆ 1956ರ ವರೆಗೆ ಕೊಳ್ಳೇಗಾಲವು ಮದ್ರಾಸಿನ ಆಡಳಿತಕ್ಕೂ ಯಳಂದೂರು ಮೈಸೂರಿಗೂ ಸೇರಿದ್ದವಷ್ಟೆ.

ಇಂಥ ಸಂತೆಯಲ್ಲಿ ಕುಳಿತ ಚಿನಿವಾರನು ಏನು ಮಾಡುವನು? ನಾಣ್ಯವನ್ನು ಕೊಟ್ಟವನ ಜಾತಿಯನ್ನು ಕೇಳನು, ಅದರ ಮೇಲಿನ ಕಿರೀಟಕ್ಕೆ ಕೈ ಮುಗಿಯನು. ಅದನ್ನು ಕಲ್ಲಿನ ಮೇಲೆ ಬಡಿದು ನಾದವನ್ನು ಕೇಳುವನು, ಒರೆಗಲ್ಲಿಗೆ ತಿಕ್ಕಿ ಬಣ್ಣವನ್ನು ನೋಡುವನು, ತಕ್ಕಡಿಯಲ್ಲಿಟ್ಟು ತೂಗುವನು. ಬೆಳ್ಳಿಯು ಸರಿಯಾಗಿದ್ದರೆ ಪೂರ್ಣ ಬೆಲೆ ಕೊಡುವನು. ಸವೆದಿದ್ದರೆ ಇಲ್ಲವೆ ಬೆರಕೆಯಾಗಿದ್ದರೆ ವಟ್ಟ ಹಿಡಿದು ಉಳಿದದ್ದನ್ನು ಕೊಡುವನು. ಕೊಳ್ಳೇಗಾಲದ ರೇಷ್ಮೆ ಸೀರೆಯ ಸರಿಗೆಯನ್ನು ಬಲ್ಲವರು ಇದನ್ನು ಬೇಗನೆ ಗ್ರಹಿಸುವರು. ಸೆರಗು ಎಷ್ಟು ಹೊಳೆದರೂ ಅದರಲ್ಲಿ ಬೆಳ್ಳಿ ಎಷ್ಟೆಂಬದೇ ಬೆಲೆಯನ್ನು ನಿಶ್ಚಯಿಸುವದು.

ಮುದ್ರೆಯು ವ್ಯರ್ಥವೋ ಎಂದರೆ ಹಾಗಲ್ಲ. ಮುದ್ರೆಯು ಅರಸನ ವಾಗ್ದಾನ. ಇಷ್ಟು ಬೆಳ್ಳಿ ಇದರಲ್ಲಿ ಇದೆ ಎಂದು ಅವನು ತನ್ನ ಹೆಸರಿನಿಂದ ಹೇಳುತ್ತಾನೆ. ತೂಕವು ಆ ಮಾತು ನಿಜವೋ ಸುಳ್ಳೋ ಎಂದು ತೋರಿಸುತ್ತದೆ. ಈಗ ನಮ್ಮ ಕೈಯಲ್ಲಿರುವ ರೂಪಾಯಿಯ ನಾಣ್ಯವು ಉಕ್ಕಿನದು, ಅದರಲ್ಲಿ ಬೆಳ್ಳಿಯಿಲ್ಲ. ಸರಕಾರವು ತನ್ನ ಮಾತನ್ನು ನಡಿಸುವದೆಂಬ ನಂಬಿಕೆಯೇ ಅದಕ್ಕೆ ಬೆಲೆ. ಆ ನಂಬಿಕೆ ಕೆಟ್ಟರೆ ಏನಾಗುವದೆಂಬದಕ್ಕೆ ಡೆನ್ಮಾರ್ಕ್ ದೇಶವೇ ದೃಷ್ಟಾಂತ. ಯುದ್ಧಗಳ ಕಾಲದಲ್ಲಿ ಅಲ್ಲಿ ಬೆಳ್ಳಿಯಿಲ್ಲದೆ ಕಾಗದದ ನೋಟುಗಳನ್ನು ವಿಪರೀತವಾಗಿ ಅಚ್ಚು ಹಾಕಿದರು. 1813ರ ಜನವರಿಯಲ್ಲಿ ಸರಕಾರವೇ ದಿವಾಳಿಯಾಯಿತು. ಮುದ್ರೆಯು ಅದೇ, ಕಿರೀಟವು ಅದೇ. ಹಿಂದೆ ಬೆಳ್ಳಿ ಇರಲಿಲ್ಲ. ಈ ಪಾಠದ ಸಾರವು ಇಷ್ಟೇ: ಮುದ್ರೆ ದೊಡ್ಡದಾದಷ್ಟೂ ಅದರ ಹಿಂದೆ ತೂಕವಿರಬೇಕು.

4. ಆ ಮುದ್ರೆಯ ಅರಸರು

ಏಳನೆಯ ಕ್ರಿಶ್ಚಿಯನನು ಹದಿನಾರು ವಯಸ್ಸಿನಲ್ಲಿ ಪಟ್ಟಕ್ಕೆ ಬಂದನು. ಅವನ ಬುದ್ಧಿಗೆ ರೋಗ ತಗಲಿತ್ತು. ಸ್ಟ್ರುಎನ್ಸೆ ಎಂಬ ವೈದ್ಯನು ಅವನ ಹೆಸರಿನಲ್ಲಿ ರಾಜ್ಯವನ್ನಾಳಿ 1772ರಲ್ಲಿ ಮರಣದಂಡನೆ ಹೊಂದಿದನು. 1784ರಿಂದ ಅರಸನ ಮಗನು ಅಧಿಕಾರವನ್ನು ನಡಿಸಿದನು. ಹೀಗೆ ಯಾವನ ಹೆಸರು ತರಂಗಂಬಾಡಿಯ ಸಂತೆಯಲ್ಲಿ ಕೈಯಿಂದ ಕೈಗೆ ನಡೆಯುತ್ತಿತ್ತೋ ಅವನ ಕೈಯಲ್ಲಿ ಅಧಿಕಾರವಿರಲಿಲ್ಲ. ಆದರೂ ನಾಣ್ಯವು ಸರಿಯಾದ ತೂಕದಲ್ಲಿ ಹೊಡೆಯಲ್ಪಟ್ಟಷ್ಟು ಕಾಲ ಬೆಸ್ತನೂ ನೇಕಾರನೂ ಅದನ್ನು ನಂಬಿದರು. ಆ ಅರಸನ ಆಳ್ವಿಕೆಯಲ್ಲಿಯೇ 1792ರಲ್ಲಿ ಒಂದು ಒಳ್ಳೆಯ ಆಜ್ಞೆಯೂ ಹೊರಟಿತು: ಆಫ್ರಿಕದಿಂದ ಮನುಷ್ಯರನ್ನು ಕೊಂಡು ಹಡಗಿನಲ್ಲಿ ಸಾಗಿಸುವ ವ್ಯಾಪಾರವು 1803ರಿಂದ ಡೇನರಿಗೆ ನಿಷೇಧಿಸಲ್ಪಟ್ಟಿತು. ಆದರೆ ಡೇನಿಷ್ ದ್ವೀಪಗಳಲ್ಲಿದ್ದ ದಾಸರಿಗೆ ಬಿಡುಗಡೆಯು ದೊರೆತದ್ದು 1848ರಲ್ಲಿ.

ಇವನ ಮುತ್ತಜ್ಜನಾದ ನಾಲ್ಕನೆಯ ಫ್ರೆಡರಿಕನ ಹೆಸರು ನಮ್ಮ ಸಭೆಗಳಿಗೆ ಹೆಚ್ಚು ಪರಿಚಿತವಾದದ್ದು. ಝೀಗೆನ್‌ಬಾಲ್ಗ್, ಪ್ಲುಟ್ಶೌ ಎಂಬ ಇಬ್ಬರು ಜರ್ಮನ್ ಉಪದೇಶಕರನ್ನು ಕಳುಹಿಸಿದವನು ಅವನೇ. ಅವರು 1706ನೆಯ ಜುಲೈ ತಿಂಗಳ 9ನೆಯ ತಾರೀಖಿನಲ್ಲಿ ತರಂಗಂಬಾಡಿಯಲ್ಲಿ ಇಳಿದರು. ತನ್ನ ದೇಶದ ಅಂಚೆಯ ಹುಟ್ಟುವಳಿಯಿಂದ ವರುಷಕ್ಕೆ 2000 ಡಾಲರ್ ಬೆಳ್ಳಿಯನ್ನು ಆ ಕೆಲಸಕ್ಕೆ ಗೊತ್ತುಮಾಡಿದನು. 1718ರಲ್ಲಿ ಕಟ್ಟಿ ಮುಗಿಸಿದ ಹೊಸ ಯೆರೂಸಲೇಮ್ ಎಂಬ ದೇವಾಲಯದ ಮುಂದಣ ಗೋಡೆಯ ಮೇಲೆ ಕಿರೀಟದ ಕೆಳಗೆ ಅವನ ಹೆಸರಿನ ಗುರುತು ಇಂದಿಗೂ ಕಾಣುತ್ತದೆ. ನಾಣ್ಯದ ಮೇಲೆ ಇರುವ ಮುದ್ರೆಯ ರೀತಿಯೇ ಅದು. ಇದೆಲ್ಲಾ ನಿಜ. ಆದರೆ ಅದೇ ಅರಸನು ರಾಣಿಯು ಬದುಕಿರುವಾಗಲೇ 1712ರಲ್ಲಿ ಇನ್ನೊಬ್ಬಳನ್ನು ವಿವಾಹ ಮಾಡಿಕೊಂಡನೆಂಬದೂ ನಿಜ. ಆದುದರಿಂದ ನಾವು ಯಾವ ಅರಸನನ್ನೂ ಹೊಗಳುವದಕ್ಕೆ ಇದನ್ನು ಬರೆಯುವದಿಲ್ಲ. ಅರಸನ ಹೆಸರು ಗೋಡೆಯ ಹೊರಗಿದೆ. ಒಳಗೆ ಆರಾಧಿಸಲ್ಪಡುವವನು ಬೇರೆ.

5. ಒಂದೇ ಮುದ್ರೆಯ ಕೆಳಗೆ ಇಬ್ಬರು

ಝೀಗೆನ್‌ಬಾಲ್ಗನ ಕೈಯಲ್ಲಿ ಅರಸನ ಪತ್ರವಿತ್ತು. ತರಂಗಂಬಾಡಿಯ ಅಧಿಕಾರಿಯಾದ ಹಾಸಿಯುಸನ ಕೈಯಲ್ಲಿ ಅದೇ ಅರಸನ ಅಧಿಕಾರವಿತ್ತು. 1708ರಲ್ಲಿ ಒಬ್ಬ ಕ್ಷೌರಿಕನ ವಿಧವೆಗೆ ಸಾಲದ ವಿಷಯವಾಗಿ ಕಂಪೆನಿಯ ದುಭಾಷಿಯೊಂದಿಗೆ ವ್ಯಾಜ್ಯ ಬಂತು. ಝೀಗೆನ್‌ಬಾಲ್ಗನು ಆಕೆಯ ಪಕ್ಷವಾಗಿ ಮಾತಾಡಿದನು. ಅಧಿಕಾರಿಯು ಇದನ್ನು ಸಹಿಸದೆ ಅವನನ್ನು ನಾಲ್ಕು ತಿಂಗಳು ಕೋಟೆಯ ಸೆರೆಯಲ್ಲಿಟ್ಟನು. ಇಬ್ಬರ ಮೇಲೂ ಒಂದೇ ಮುದ್ರೆ. ಆದರೆ ಬಡ ವಿಧವೆಯ ಸಾಲವೆಂಬ ತಕ್ಕಡಿಯಲ್ಲಿಟ್ಟಾಗ ಯಾರಲ್ಲಿ ತೂಕವಿತ್ತೆಂದು ಕಂಡುಬಂತು.

ಇದಕ್ಕಿಂತ ಗಂಭೀರವಾದ ಮಾತು ಒಂದುಂಟು. 1707ನೆಯ ಮೇ ತಿಂಗಳಲ್ಲಿ ಆ ಉಪದೇಶಕರಿಂದ ಮೊದಲು ದೀಕ್ಷಾಸ್ನಾನ ಹೊಂದಿದವರು ಐದು ಮಂದಿ ದಾಸರು. ಅವರ ಯಜಮಾನರು ಡೇನರು. ಬೆಳ್ಳಿಯನ್ನು ಎಣಿಸಿಕೊಟ್ಟು ಮನುಷ್ಯನನ್ನು ಕೊಳ್ಳುವ ಕಾಲವದು. ಕೊಂಡವನ ಕೈಯಲ್ಲಿದ್ದ ನಾಣ್ಯದ ಮೇಲೆ ಅರಸನ ಗುರುತು ಇತ್ತು. ಕೊಳ್ಳಲ್ಪಟ್ಟವನ ಮೇಲೆ ಇದ್ದದ್ದು ಯಾರ ಗುರುತು? ಮನುಷ್ಯನು ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟನೆಂದು ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಓದುತ್ತೇವೆ. ಕರ್ತನು ನಾಣ್ಯವನ್ನು ತೋರಿಸಿ ಹೇಳಿದ ಉತ್ತರದ ಎರಡನೆಯ ಭಾಗವು ಇಲ್ಲಿ ನಮಗೆ ತಿಳಿಯುತ್ತದೆ. ಕೈಸರನ ಗುರುತುಳ್ಳ ಬೆಳ್ಳಿಯು ಕೈಸರನಿಗೆ ಹೋಗಲಿ. ದೇವರ ಗುರುತುಳ್ಳ ಮನುಷ್ಯನನ್ನು ಬೆಳ್ಳಿಯಿಂದ ಕೊಳ್ಳುವದಕ್ಕೆ ಯಾವ ಕೈಸರನಿಗೂ ಹಕ್ಕಿಲ್ಲ. ಹಿಂದಿನ ಕಾಲದಲ್ಲಿ ಜೀತಕ್ಕೆ ಕಟ್ಟುಬಿದ್ದವರ ಮಕ್ಕಳು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ.

6. ಶ್ರೀರಂಗಪಟ್ಟಣದಲ್ಲಿ ಮುನ್ನೂರು ರೂಪಾಯಿ

ಈಗ ನಮ್ಮ ಸೀಮೆಗೆ ಹತ್ತಿರವಾದ ಸಂಗತಿಗೆ ಬರುವೆವು. 1750ರಲ್ಲಿ ತರಂಗಂಬಾಡಿಗೆ ಬಂದ ಶ್ವಾರ್ಟ್ಸ್ ಎಂಬ ಉಪದೇಶಕನು ತಿರುಚಿರಾಪಳ್ಳಿಯಲ್ಲಿಯೂ ತಂಜಾವೂರಿನಲ್ಲಿಯೂ ಬಹುಕಾಲ ಸೇವೆಮಾಡಿದನು. 1779ರಲ್ಲಿ ಮದ್ರಾಸಿನ ಸರಕಾರದವರು ಹೈದರಾಲಿಯ ಮನಸ್ಸನ್ನು ತಿಳಿಯುವದಕ್ಕಾಗಿ ಇವನನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿದರು. ಆ ಸರಕಾರದವರ ಮಾತನ್ನು ಹೈದರಾಲಿಯು ನಂಬುತ್ತಿರಲಿಲ್ಲ. ಈ ಉಪದೇಶಕನು ಮೋಸ ಮಾಡನೆಂದು ಮಾತ್ರ ನಂಬಿದನು. ಶ್ವಾರ್ಟ್ಸನು ಗಜ್ಜಲಹಟ್ಟಿಯ ಕಣಿವೆಯನ್ನು ಹತ್ತಿ, ಈಗ ನಮ್ಮ ಜಿಲ್ಲೆಯಾಗಿರುವ ಚಾಮರಾಜನಗರದ ಸೀಮೆಯ ಮೂಲಕ ಹಾದುಹೋದನು.

ಹಿಂದಿರುಗುವಾಗ ಹೈದರಾಲಿಯು ದಾರಿಯ ವೆಚ್ಚಕ್ಕೆಂದು 300 ರೂಪಾಯಿಯ ಚೀಲವನ್ನು ಕೊಟ್ಟನು. ಶ್ವಾರ್ಟ್ಸನು ಅದನ್ನು ತನ್ನದೆಂದು ಎಣಿಸದೆ ಮದ್ರಾಸಿಗೆ ತಂದು ಸರಕಾರದವರ ಮುಂದೆ ಇಟ್ಟನು. ಅವರು ನೀನೇ ಇಟ್ಟುಕೋ ಎಂದಾಗ ತಂಜಾವೂರಿನಲ್ಲಿ ಬಡ ಮಕ್ಕಳ ಶಾಲೆಗೆ ಅದನ್ನು ಮೂಲಧನವಾಗಿ ಮಾಡಿದನು. ಮರುವರುಷವೇ, 1780ರಲ್ಲಿ, ಘೋರವಾದ ಯುದ್ಧವು ಹತ್ತಿತು. ಆ ಯುದ್ಧದಲ್ಲಿಯೂ ಈ ಮನುಷ್ಯನನ್ನು ತಡೆಯದೆ ಬಿಡಬೇಕೆಂದು ಹೈದರಾಲಿಯು ತನ್ನ ಸರದಾರರಿಗೆ ಅಪ್ಪಣೆ ಕೊಟ್ಟಿದ್ದನು. ವಾಚಕರೇ, ನೋಡಿರಿ: ಹೈದರಾಲಿಯು ಮುಸಲ್ಮಾನನು, ಇವನು ಕ್ರೈಸ್ತನು, ಕಳುಹಿಸಿದ ಸರಕಾರವು ಶತ್ರುವಿನದು. ಆದರೂ ಚಿನಿವಾರನು ಪರದೇಶದ ನಾಣ್ಯವನ್ನು ತೂಗಿ ಒಪ್ಪಿಕೊಂಡಂತೆ ಅವನು ಇವನನ್ನು ತೂಗಿ ಒಪ್ಪಿಕೊಂಡನು.

7. ಕನ್ನಡಕ್ಕೆ ಬಂದ ಫಲ

ಡೇನರಿಗೆ ಬಂಗಾಳದಲ್ಲಿಯೂ ಸೆರಾಂಪುರವೆಂಬ ಒಂದು ಊರು ಇತ್ತು. ಇಂಗ್ಲಿಷ್ ಕಂಪೆನಿಯವರು ತಮ್ಮ ಸೀಮೆಯಲ್ಲಿ ಉಪದೇಶಕರಿಗೆ ಸ್ಥಳ ಕೊಡದೆ ಇದ್ದಾಗ ವಿಲಿಯಂ ಕೇರಿಯು 1800ರಲ್ಲಿ ಈ ಊರಿಗೆ ಬಂದು ಏಳನೆಯ ಕ್ರಿಶ್ಚಿಯನನ ಧ್ವಜದ ಕೆಳಗೆ ಆಶ್ರಯ ಹೊಂದಿದನು. ಅವನು ಬರೆದ ಕನ್ನಡ ವ್ಯಾಕರಣವು 1817ರಲ್ಲಿ ಅಲ್ಲಿಯ ಅಚ್ಚುಕೂಟದಲ್ಲಿಯೇ ಅಚ್ಚಾಯಿತು. ಆರನೆಯ ಫ್ರೆಡರಿಕ್ ಅರಸನು 1827ರಲ್ಲಿ ಸೆರಾಂಪುರದ ಕಾಲೇಜಿಗೆ ಪದವಿಗಳನ್ನು ಕೊಡುವ ಅಧಿಕಾರಪತ್ರವನ್ನು ಕೊಟ್ಟನು. ಬೆಂಗಳೂರಿನಲ್ಲಿಯೂ ಮಂಗಳೂರಿನಲ್ಲಿಯೂ ದೇವಜ್ಞಾನವನ್ನು ಕಲಿಯುವ ಕನ್ನಡದ ವಿದ್ಯಾರ್ಥಿಗಳು ಇಂದಿಗೂ ಹೊಂದುವದು ಸೆರಾಂಪುರದ ಪದವಿಯನ್ನೇ. 1845ರಲ್ಲಿ ಡೇನರು ತರಂಗಂಬಾಡಿಯನ್ನೂ ಸೆರಾಂಪುರವನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿಬಿಟ್ಟರು. ಕೋಟೆಯೂ ಬಂದರವೂ ಟಂಕಸಾಲೆಯೂ ಕೈಬಿಟ್ಟವು. ರೊಯಾಲಿನ್ ಸಂತೆಯಲ್ಲಿ ನಡೆಯದೆ ಹೋಯಿತು. ಕಲಿಸಿದ್ದು ಮಾತ್ರ ಉಳಿದಿದೆ.

8. ನಮ್ಮನ್ನು ತೂಗುವವರು

ಕೊನೆಯದಾಗಿ ನಮ್ಮ ವಿಷಯ. ನಮ್ಮ ಹಳ್ಳಿಗಳಲ್ಲಿ ಇವರು ಪರದೇಶದವರ ದುಡ್ಡಿಗಾಗಿ ಕುಲವನ್ನು ಬಿಟ್ಟವರು ಎಂಬ ಮಾತನ್ನು ಕೇಳದವರಾರು? ಇದಕ್ಕೆ ಏನು ಉತ್ತರ ಕೊಡೋಣ? ಪರದೇಶದ ಹಣವು ಬರಲೇ ಇಲ್ಲವೆಂದು ಹೇಳಿದರೆ ಸುಳ್ಳಾಗುವದು. ಅರಸನ ಅಂಚೆಯ ಬೆಳ್ಳಿಯನ್ನು ಮೇಲೆ ಎಣಿಸಿ ತೋರಿಸಿದ್ದೇವೆ. ಸಿಟ್ಟಿನಿಂದ ವಾದಿಸಿದರೂ ಪ್ರಯೋಜನವಿಲ್ಲ. ನಾಣ್ಯವು ಚಿನಿವಾರನ ಸಂಗಡ ವಾದಿಸುವದಿಲ್ಲ, ತಕ್ಕಡಿಯಲ್ಲಿ ಕೂತುಕೊಳ್ಳುವದು. ನಾವೂ ಹಾಗೆಯೇ ಮಾಡೋಣ.

ನಮ್ಮ ತಕ್ಕಡಿ ಯಾವದು? ಸಂತೆಯಲ್ಲಿ ರಾಗಿಯನ್ನು ಅಳೆಯುವ ಸೇರು. ರೇಷ್ಮೆಗೂಡನ್ನು ತೂಗುವ ಹೊತ್ತು. ಕೈಗಡ ತಂದ ಹಣವನ್ನು ಹಿಂದಕ್ಕೆ ಕೊಡುವ ದಿನ. ಕೂಲಿಯಾಳಿಗೆ ಸಂಜೆ ಎಣಿಸಿಕೊಡುವ ಕೂಲಿ. ಸಭೆಯ ಕಾಣಿಕೆಯ ಲೆಕ್ಕದ ಪುಸ್ತಕ. ವಿಧವೆಯ ಹೊಲದ ಬದು. ಇಲ್ಲಿ ನಮ್ಮ ನೆರೆಯವರು ನಮ್ಮನ್ನು ದಿನಾಲೂ ತೂಗುತ್ತಾರೆ. ಕರ್ತನ ಹೆಸರು ನಮ್ಮ ಮೇಲೆ ಮುದ್ರೆಯಾಗಿದೆ. ಒಳಗೆ ಬೆಳ್ಳಿ ಕಡಿಮೆಯಾದರೆ ಅವರು ವಟ್ಟ ಹಿಡಿಯುವದು ನಮಗೆ ಮಾತ್ರವಲ್ಲ, ಆ ಹೆಸರಿಗೂ ಹಿಡಿಯುವರು. ಒಬ್ಬನು ಸಾಲವನ್ನು ಮುಚ್ಚಿಟ್ಟರೆ ಊರಿನವರು ಅವನ ಹೆಸರನ್ನು ಹೇಳರು. ಕ್ರೈಸ್ತನು ಮೋಸಮಾಡಿದನೆಂದು ಹೇಳುವರು.

ಇನ್ನೂ ಒಂದು ಮಾತು. ಅರಸನ 2000 ಡಾಲರ್ ದೊಡ್ಡ ಮೊತ್ತವೇ. ಆದರೆ ಅರಸರು ಹೋದರು, ಅವರ ಊರುಗಳು ಮಾರಲ್ಪಟ್ಟವು. ಹಳ್ಳಿಯ ಸಭೆಯು ತನ್ನ ಮಾಳಿಗೆಯನ್ನು ತಾನೇ ಸರಿಮಾಡಿಕೊಂಡು, ತನ್ನಲ್ಲಿರುವ ಅನಾಥನಿಗೆ ತಾನೇ ಪುಸ್ತಕ ಕೊಂಡುಕೊಟ್ಟರೆ ಆ ಕಾಸು ಸಣ್ಣದಾದರೂ ತೂಕವುಳ್ಳದ್ದು. ಎಂಭತ್ತು ಕಾಸು ಕೂಡಿದ್ದರಿಂದಲ್ಲವೇ ಒಂದು ರೊಯಾಲಿನ್ ಆಯಿತು?

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ರೊಯಾಲಿನ್ ನಾಣ್ಯದ ಎರಡು ಮುಖಗಳಲ್ಲಿ ಏನೇನಿತ್ತು? ಒಂದು ರೂಪಾಯಿಗೆ ಎಷ್ಟು ರೊಯಾಲಿನ್, ಎಷ್ಟು ಕಾಸು?

2. ಅರಸನ ಬುದ್ಧಿಗೆ ರೋಗವಿದ್ದರೂ ಅವನ ನಾಣ್ಯವು ಯಾಕೆ ನಡೆಯಿತು? 1813ರಲ್ಲಿ ನೋಟುಗಳು ಯಾಕೆ ಬೆಲೆಗೆಟ್ಟವು?

3. ಹಾಸಿಯುಸನಿಗೂ ಝೀಗೆನ್‌ಬಾಲ್ಗನಿಗೂ ಇದ್ದ ಭೇದವು ಯಾವ ಸಂಗತಿಯಲ್ಲಿ ಹೊರಬಿತ್ತು?

4. ದೀಕ್ಷಾಸ್ನಾನ ಹೊಂದಿದ ಐದು ಮಂದಿ ದಾಸರ ಸಂಗತಿಯಿಂದ ಮತ್ತಾಯ 22ನೆಯ ಅಧ್ಯಾಯದ ಉತ್ತರವು ಹೇಗೆ ವಿಶದವಾಗುತ್ತದೆ?

5. ಶ್ವಾರ್ಟ್ಸನು 300 ರೂಪಾಯಿಯನ್ನು ತಾನೇ ಇಟ್ಟುಕೊಂಡಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

6. ನಮ್ಮ ಊರಿನಲ್ಲಿ ನಮ್ಮನ್ನು ಹೆಚ್ಚಾಗಿ ತೂಗುವ ತಕ್ಕಡಿ ಯಾವದು? ಈ ಪ್ರಶ್ನೆಗೆ ಉತ್ತರವನ್ನು ಬಾಯಿಂದ ಹೇಳದೆ ಒಬ್ಬೊಬ್ಬರೂ ಮನೆಯಲ್ಲಿ ಯೋಚಿಸಿರಿ.